ಹಳ್ಳಕ್ಕೆ ಬಿದ್ದ ತೋಳ, ಆಳಿಗೊಂದು ಕ್ಯಾಮೆರಾ

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬುದು ಕನ್ನಡದ ಹಳೆಯ ಗಾದೆ. ಸೋತವರ ಮೇಲೆ ಎಲ್ಲರೂ ಕೈಮಾಡುವ ಲೋಕದ ರೀತಿಯನ್ನು ಹೇಳಲು ಹಿರಿಯರು ಆರಿಸಿಕೊಂಡದ್ದು ತೋಳದ ಪಾಡನ್ನೇ. ಈ ಗಾದೆಗೆ ಇತಿಹಾಸದ ಸಾಕ್ಷಿಯೂ ಉಂಟು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಇನಾಮಿನ ಆಸೆಗೆ ಕೊಲ್ಲಲ್ಪಟ್ಟ ತೋಳಗಳು 2 ಲಕ್ಷಕ್ಕೂ ಹೆಚ್ಚೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಇಂದು ದೇಶದಲ್ಲಿ ಉಳಿದಿರುವುದು ಸುಮಾರು 3,100 ಎಂಬುದು 2022ರಲ್ಲಿ ಪ್ರಕಟವಾದ ಅಂದಾಜು. ಅದೇ ವರ್ಷದ ಗಣತಿಯಲ್ಲಿ ಹುಲಿಗಳ ಸಂಖ್ಯೆ 3,682. ಹುಲಿಗಿಂತಲೂ ವಿರಳವಾದ ಪ್ರಾಣಿಯೊಂದು ಹುಲಿಗೆ ದೊರೆತ ಮನ್ನಣೆಯ ಕಾಲುಭಾಗವೂ ಇಲ್ಲದೆ ರೈತರ ಹೊಲಗಳ ಬದುವಿನಲ್ಲಿ ಬದುಕುತ್ತಿದೆ.

ಈಗ ಕಲ್ಲಿನ ಜಾಗಕ್ಕೆ ಕ್ಯಾಮೆರಾ ಬಂದಿದೆ. ಪೋಲೆಂಡಿನ ಬಿಯಾವೊವೇಜಾ ಎಂಬ ಪುರಾತನ ಅರಣ್ಯದಲ್ಲಿ ಚಳಿಗಾಲದ ಹಿಮದ ಮೇಲೆ ಮೂಡಿದ ಹೆಜ್ಜೆಗುರುತುಗಳನ್ನು ಹಿಡಿದು ಮಾರ್ಗದರ್ಶಕರು ಪ್ರವಾಸಿಗರನ್ನು ತೋಳದ ಜಾಡಿನಲ್ಲಿ ನಡೆಸುತ್ತಾರೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1995–96ರಲ್ಲಿ ಕೆನಡಾದಿಂದ ತಂದು ಬಿಟ್ಟ 31 ತೋಳಗಳ ಸಂತತಿಯನ್ನು ಕಾಣಲು ಜನ ಕೊರೆಯುವ ಚಳಿಯಲ್ಲಿ ದೂರದರ್ಶಕ ಹಿಡಿದು ರಸ್ತೆಬದಿಯಲ್ಲಿ ನಿಲ್ಲುತ್ತಾರೆ. ಈ ಹವ್ಯಾಸವು ಭಾರತಕ್ಕೂ ಕಾಲಿಟ್ಟಿದೆ. ಮಹಾರಾಷ್ಟ್ರದ ಅರಣ್ಯ ಇಲಾಖೆಯು ಪುಣೆ ಜಿಲ್ಲೆಯ ಕಡಬನವಾಡಿ ಮತ್ತು ಗಾಡಿಖೇಲ್ ಹುಲ್ಲುಗಾವಲುಗಳಲ್ಲಿ ಸಫಾರಿ ತೆರೆದಿದೆ. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮ ರೂಪುಗೊಂಡಿದೆ. ಆ ಸೀಮೆಗೆ ನಗರಗಳ ಛಾಯಾಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಕೃಷ್ಣಮೃಗ ಅಭಯಾರಣ್ಯವಿರುವ ರಾಣೇಬೆನ್ನೂರು, ಕುರುಚಲು ಗುಡ್ಡಗಳ ಬ್ಯಾಡಗಿ, ವರದಾ ತೀರದ ಕರ್ಜಗಿ – ಹಾವೇರಿ ಜಿಲ್ಲೆಯ ಈ ಬಯಲಿಗೂ ‘ತೋಳ ತೋರಿಸುವ’ ವ್ಯವಹಾರ ಬರಲು ಬಹುಕಾಲ ಬೇಕಾಗದು.

ಬರುವ ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಹಿಮದ ನಾಡಿನ ಈ ಪ್ರವಾಸವನ್ನು ಹಾಗೆಯೇ ತಂದು ಕನ್ನಡದ ಬಯಲಿಗೆ ನೆಟ್ಟರೆ ಅದು ಮೂರು ವಿಷಯಗಳಲ್ಲಿ ತಪ್ಪುತ್ತದೆ: ಕಾಡು ಯಾವುದೆಂಬುದರಲ್ಲಿ, ಕಾಲ ಯಾವುದೆಂಬುದರಲ್ಲಿ, ದಾರಿ ತೋರುವವರು ಯಾರೆಂಬುದರಲ್ಲಿ. ಮೂರನ್ನೂ ಸರಿಪಡಿಸದೆ ತೋಳದ ಹೆಸರಿನಲ್ಲಿ ಒಂದು ಟಿಕೆಟ್ಟೂ ಮಾರಾಟವಾಗಕೂಡದು.

ಕಾಡು ಯಾವುದು?

ತೋಳವೆಂದೊಡನೆ ಕಣ್ಣಮುಂದೆ ಬರುವುದು ದಟ್ಟಡವಿ. ಮಕ್ಕಳ ಕಥೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಅದು ಮರಗಳ ನಡುವಿನಿಂದಲೇ ಹೊರಬರುತ್ತದೆ. ಯುರೋಪಿನ ಮಟ್ಟಿಗೆ ಇದು ಸತ್ಯವಿರಬಹುದು. ದಖ್ಖನ್ನಿನ ತೋಳಕ್ಕೆ ದಟ್ಟ ಮರಗಾಡು ತವರಲ್ಲ. ಅದು ಬಯಲಿನ ಪ್ರಾಣಿ. ಕರಡ, ಗರಿಕೆ, ಬಾದೆ ಹುಲ್ಲುಗಳ ನಡುವೆ, ಬಾರೆ, ಕವಳಿ, ತಂಗಡಿ ಪೊದೆಗಳ ನೆರಳಿನಲ್ಲಿ, ಹಳ್ಳದ ದಂಡೆಯ ಪೊಟರೆಗಳಲ್ಲಿ ಅದರ ಸಂಸಾರ. ಬೂದುತೋಳದ ವಂಶವೃಕ್ಷದ ಅತ್ಯಂತ ಹಳೆಯ ಕವಲುಗಳಲ್ಲಿ ಭಾರತದ ತೋಳವೂ ಒಂದೆಂದು ತಳಿಶಾಸ್ತ್ರ ಹೇಳುತ್ತದೆ. ಇಷ್ಟು ಹಳೆಯ ಕವಲು ಇಲ್ಲಿ ಬದುಕಿ ಬಂದಿರುವುದರಿಂದ, ಅದು ಬದುಕಿದ ಬಯಲೂ ನಿನ್ನೆ ಮೊನ್ನೆ ಮರ ಕಡಿದು ಉಂಟಾದದ್ದಲ್ಲವೆಂದು ಅರಿಯಬೇಕು. ಹುಲ್ಲುಗಾವಲಿಗೂ ಪ್ರಾಚೀನತೆಯುಂಟು. ಬಹುವಾರ್ಷಿಕ ಹುಲ್ಲುಗಳು ನೆಲದಡಿಯಲ್ಲಿ ಬೇರಿನ ಜಾಲವನ್ನು ಹೆಣೆದು, ಮಣ್ಣಿನಲ್ಲಿ ಇಂಗಾಲವನ್ನು ಕೂಡಿಟ್ಟು, ಮಳೆಯ ನೀರನ್ನು ಇಂಗಿಸಿ, ಬೆಂಕಿಗೂ ಬರಕ್ಕೂ ಒಗ್ಗಿ ನಿಲ್ಲಲು ಶತಮಾನಗಳು ಹಿಡಿಯುತ್ತವೆ. ವಿಜ್ಞಾನಿಗಳು ಇಂಥವನ್ನು ಇತ್ತೀಚಿನ ವರ್ಷಗಳಲ್ಲಿ ‘ಪುರಾತನ ಹುಲ್ಲುಗಾವಲು’ ಎಂದೇ ಕರೆಯತೊಡಗಿದ್ದಾರೆ. ತೋಳದ ಪುರಾತನ ಅರಣ್ಯವನ್ನು ಹುಡುಕುವವರು ಹಾವೇರಿಯಲ್ಲಿ ತಲೆಯೆತ್ತಿ ಮರಗಳನ್ನು ನೋಡಬೇಕಿಲ್ಲ, ತಲೆ ತಗ್ಗಿಸಿ ಹುಲ್ಲನ್ನು ನೋಡಬೇಕು.

ಆದರೆ ಸರ್ಕಾರದ ಕಡತಗಳಲ್ಲಿ ಈ ನೆಲಕ್ಕೆ ಇರುವ ಹೆಸರು ಬೇರೆ. 2000ದಲ್ಲಿ ಮೊದಲ ಬಾರಿಗೆ ಪ್ರಕಟವಾದ ಭಾರತದ ಬಂಜರುಭೂಮಿ ನಕಾಶೆಯಲ್ಲಿ ಕುರುಚಲು ಬಯಲುಗಳು ‘ಬಂಜರು’ ಎಂಬ ತಲೆಬರಹದಡಿ ಸೇರಿಹೋದವು. ಬಂಜರೆಂದು ಬರೆದ ಮೇಲೆ ಅದನ್ನು ಯಾವುದಕ್ಕೆ ಕೊಟ್ಟರೂ ಉಪಕಾರವೇ! ಕಾರ್ಖಾನೆಗೆ ಕೊಟ್ಟರೂ ಉಪಕಾರ, ನೆಡುತೋಪಿಗೆ ಕೊಟ್ಟರೂ ಉಪಕಾರ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದದ್ದು ಹೀಗೆಯೇ. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳಿಗೆ ಗೋಡೆ ಎದ್ದ ಮೇಲೆ ವಿಷಯ ತಿಳಿಯಿತು.

ಹಾವೇರಿ ಜಿಲ್ಲೆಯ ಕಥೆ ಇನ್ನೂ ಹಳೆಯದು. ರಾಣೇಬೆನ್ನೂರಿನ 119 ಚದರ ಕಿಲೋಮೀಟರ್ ಪ್ರದೇಶವು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ತೋಳಕ್ಕೂ ಅದು ಆಸರೆ. ಬಯಲಿನ ಪ್ರಾಣಿಗಳಿಗೆಂದು ಘೋಷಿಸಿದ ಆ ನೆಲದ ಬಹುಭಾಗವನ್ನು ಆವರಿಸಿಕೊಂಡದ್ದು ನೀಲಗಿರಿಯ ನೆಡುತೋಪು. ನೀಲಗಿರಿಯ ದಟ್ಟ ಸಾಲುಗಳಡಿಯಲ್ಲಿ ಹುಲ್ಲು ಸೊರಗುತ್ತದೆ. ಹುಲ್ಲು ಸೊರಗಿದಲ್ಲಿ ಕೃಷ್ಣಮೃಗವು ಮೇವಿಗಾಗಿ ರೈತರ ಹೊಲಗಳಿಗೆ ಇಳಿಯುತ್ತದೆ. ಹೊಲ ಹಾಳಾದ ರೈತನಿಗೆ ಅಭಯಾರಣ್ಯವೆಂಬ ಪದವೇ ಕಹಿಯಾಗುತ್ತದೆ. ಒಂದು ಕಾಲಕ್ಕೆ ರಾಣೇಬೆನ್ನೂರಿನ ಬಯಲಿನಲ್ಲಿ ಕಾಣಸಿಗುತ್ತಿದ್ದ ಎರ್ಲಡ್ಡು ಹಕ್ಕಿ ಇಂದು ಅಲ್ಲಿಲ್ಲ. ಮರಗಳನ್ನು ಕಡಿದದ್ದರಿಂದ ಅದು ಹೋಗಲಿಲ್ಲ. ಬಟಾಬಯಲನ್ನೇ ನೆಚ್ಚಿದ ಹಕ್ಕಿಗೆ ಮರಗಳ ಸಾಲಿನಲ್ಲಿ ನೆಲೆಯೆಲ್ಲಿ?

ಈ ನೀಲಗಿರಿಯ ರಾಜಕಾರಣವನ್ನು ಅರಿತು ಮೊದಲು ಎದ್ದು ನಿಂತವರೂ ಇದೇ ಸೀಮೆಯವರು. 1984ರಲ್ಲಿ ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಹುಟ್ಟುಹಾಕಿ, ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ತಿರುಳಿನ ಮರಗಳಿಗೆಂದು ಗೊತ್ತುಮಾಡಿತು. ಕಾರ್ಖಾನೆಯಿದ್ದದ್ದು ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಹಳ್ಳಿಗರು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಇದೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಶಿವರಾಮ ಕಾರಂತರೂ ಇದ್ದರು. 1990ರ ದಶಕದ ಆರಂಭದಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನಾಟಿಯನ್ನು ನಿಷೇಧಿಸಿತು. ಕುಸನೂರಿನ ಜನ ಹೇಳಿದ್ದನ್ನು ಒಪ್ಪಿಕೊಳ್ಳಲು ಆಡಳಿತಕ್ಕೆ ಮೂವತ್ತು ವರ್ಷ ಹಿಡಿಯಿತು. ಆ ಮೂವತ್ತು ವರ್ಷಗಳಲ್ಲಿ ಕಳೆದುಹೋದ ಹುಲ್ಲಿಗೆ ಯಾವ ಆದೇಶದಲ್ಲಿಯೂ ಲೆಕ್ಕವಿಲ್ಲ.

ಕಾಲ ಯಾವುದು?

ಕಾಡಿನ ತಪ್ಪಿಗಿಂತ ಕಾಲದ ತಪ್ಪು ಹೆಚ್ಚು ಅಪಾಯಕಾರಿ. ಉತ್ತರದ ಹಿಮಪ್ರದೇಶಗಳಲ್ಲಿ ತೋಳಗಳು ಫೆಬ್ರುವರಿಯ ಸುಮಾರಿಗೆ ಕೂಡುತ್ತವೆ, ಏಪ್ರಿಲ್–ಮೇ ತಿಂಗಳಲ್ಲಿ ಮರಿ ಹಾಕುತ್ತವೆ. ಆದ್ದರಿಂದ ಅಲ್ಲಿನ ಚಳಿಗಾಲದ ಜಾಡು ಹಿಡಿಯುವಿಕೆಯ ವೇಳೆಗೆ ಗುಹೆಯಲ್ಲಿ ಎಳೆಯ ಮರಿಗಳಿರುವುದಿಲ್ಲ. ಹಿಂಡು ಅಲೆಯುತ್ತಿರುತ್ತದೆ, ಹಿಮದ ಮೇಲೆ ಹೆಜ್ಜೆ ಅಚ್ಚೊತ್ತಿರುತ್ತದೆ, ಮನುಷ್ಯ ಹಿಂದೆ ಹಿಂದೆ ಹೋದರೂ ಆಗುವ ಹಾನಿ ಕಡಿಮೆ.

ದಖ್ಖನ್ನಿನಲ್ಲಿ ಪಂಚಾಂಗವೇ ಬೇರೆ. ಇಲ್ಲಿ ತೋಳಗಳು ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಿಂದ ಕೂಡುತ್ತವೆ. ಗರ್ಭಾವಧಿ ಎರಡು ತಿಂಗಳು. ಹೀಗಾಗಿ ಹೆಚ್ಚಿನ ಮರಿಗಳು ಹುಟ್ಟುವುದು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ. ಪ್ರವಾಸಿಗರಿಗೆ ಹಿತವಾದ ಚಳಿ ಇರುವ ತಿಂಗಳುಗಳೇ ತಾಯಿ ತೋಳವು ಕಣ್ಣು ತೆರೆಯದ ಮರಿಗಳೊಂದಿಗೆ ಬಿಲದಲ್ಲಿರುವ ತಿಂಗಳುಗಳು. ಯುರೋಪಿನ ‘ಚಳಿಗಾಲದ ತೋಳಯಾತ್ರೆ’ಯನ್ನು ಅಕ್ಷರಶಃ ಅನುವಾದಿಸಿದರೆ ಅದರ ಅರ್ಥ ಒಂದೇ: ಹಡೆದ ಮನೆಯ ಬಾಗಿಲಲ್ಲಿ ಜೀಪು ನಿಲ್ಲಿಸುವುದು. ಬೆದರಿದ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬೇರೆಡೆಗೆ ಸಾಗಿಸುತ್ತದೆ. ಬಯಲಿನಲ್ಲಿ ಆ ಸಾಗಾಟವೆಂದರೆ ನಾಯಿಗಳ ಕಣ್ಣಿಗೆ, ರಸ್ತೆಯ ಗಾಲಿಗೆ, ಹೆದರಿದವರ ಕಲ್ಲಿಗೆ ಮರಿಗಳನ್ನು ಒಡ್ಡುವುದು.

ಯೆಲ್ಲೊಸ್ಟೋನಿನಲ್ಲಿಯೂ ಮರಿಗಳಿರುವ ಬಿಲಗಳ ಸುತ್ತಲಿನ ಪ್ರದೇಶಕ್ಕೆ ಜನರ ಪ್ರವೇಶವನ್ನು ಮುಚ್ಚುತ್ತಾರೆ. ಉಳಿದ ಕಾಲದಲ್ಲಿಯೂ ತೋಳದಿಂದ 90 ಮೀಟರಿಗಿಂತ ಸಮೀಪ ಹೋಗುವಂತಿಲ್ಲ. ಆ ದೇಶದ ಪ್ರವಾಸವನ್ನು ಅನುಕರಿಸಲು ಉತ್ಸಾಹ ತೋರುವವರು ಆ ದೇಶದ ನಿಷೇಧವನ್ನು ಮಾತ್ರ ಅಲ್ಲಿಯೇ ಬಿಟ್ಟು ಬರುತ್ತಾರೆ.

ಇನ್ನು ಹೆಜ್ಜೆಗುರುತಿನ ಮಾತು. ಹಿಮವಿಲ್ಲದ ನಾಡಿನಲ್ಲಿ ಜಾಡು ಮೂಡುವುದು ಕೆಂಪು ಧೂಳಿನಲ್ಲಿ, ಕೆರೆಯಂಗಳದ ಹಸಿ ಕೆಸರಿನಲ್ಲಿ, ಎರೆಹೊಲದ ಬದುವಿನಲ್ಲಿ. ಅಲ್ಲೆಲ್ಲ ಊರನಾಯಿಯೂ ಓಡಾಡುತ್ತದೆ. ತೋಳದ ಹೆಜ್ಜೆಯನ್ನು ದೊಡ್ಡ ನಾಯಿಯ ಹೆಜ್ಜೆಯಿಂದ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ನಾಯಿಯು ತೋಳಕ್ಕೆ ಹೆಜ್ಜೆಯಲ್ಲಷ್ಟೇ ಸಮೀಪವಲ್ಲ. ತೋಳ–ನಾಯಿಗಳ ಮಿಶ್ರಸಂತಾನ ಮಹಾರಾಷ್ಟ್ರದಲ್ಲಿ ತಳಿಪರೀಕ್ಷೆಯಿಂದಲೇ ದೃಢಪಟ್ಟಿದೆ. ಹುಚ್ಚುರೋಗ, ಡಿಸ್ಟೆಂಪರ್‌ನಂಥ ವ್ಯಾಧಿಗಳು ನಾಯಿಯಿಂದ ತೋಳಕ್ಕೆ ದಾಟುತ್ತವೆ. ಪ್ರವಾಸವು ತರುವ ತಿಂಡಿಯಂಗಡಿ, ತಿಂಡಿಯಂಗಡಿ ತರುವ ಕಸದ ರಾಶಿ, ಕಸದ ರಾಶಿ ತರುವ ನಾಯಿಹಿಂಡು – ಈ ಸರಪಳಿಯ ಕೊನೆಯ ಕೊಂಡಿ ತೋಳದ ಬಿಲ.

ದಾರಿ ತೋರುವವರು ಯಾರು?

ಹಾವೇರಿ ಸೀಮೆಯಲ್ಲಿ ತೋಳವನ್ನು ನಿಜವಾಗಿ ಬಲ್ಲವರು ಕುರಿಗಾಹಿಗಳು. ಕಾಗಿನೆಲೆಯ ಕನಕದಾಸರ ನಾಡಿದು. ಮೆಡ್ಲೇರಿಯ ಕಂಬಳಿಯ ನಾಡಿದು. ದೇವರಗುಡ್ಡದ ಮಾಲತೇಶನಿಗೆ ಗೊರವರು ಕಂಬಳಿ ತೊಟ್ಟು ಕುಣಿಯುವ ನಾಡಿದು. ಕುರಿಯಿಲ್ಲದೆ ಈ ಸಂಸ್ಕೃತಿಯಿಲ್ಲ. ಕುರಿಯಿದ್ದ ಮೇಲೆ ತೋಳವೂ ಉಂಟು. ಯಾವ ಹಳ್ಳದ ತಿರುವಿನಲ್ಲಿ ಈ ವರ್ಷ ಮರಿಗಳಿವೆ, ಯಾವ ಹೊತ್ತಿನಲ್ಲಿ ಮಂದೆಯ ಅಂಚಿನ ಕುರಿ ತಲೆಯೆತ್ತಿ ನಿಲ್ಲುತ್ತದೆ, ಯಾವ ಊಳು ದೂರದ್ದು, ಯಾವುದು ಹತ್ತಿರದ್ದು – ಇವೆಲ್ಲ ಅವರಿಗೆ ಪ್ರತಿದಿನದ ದುಡಿಮೆಯಲ್ಲಿ ಬಂದ ಅರಿವು.

ಈ ಕುರಿಗಾಹಿಗಳು ರೈತನಿಗೂ ಬೇಕಾದವರು. ಸುಗ್ಗಿಯ ನಂತರ ಹೊಲದಲ್ಲಿ ಕುರಿಮಂದೆಯನ್ನು ತರುಬಿಸಿ, ಹಿಕ್ಕೆ–ಗಂಜಳದಿಂದ ಗೊಬ್ಬರ ಮಾಡಿಸಿಕೊಂಡು, ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುವುದು ಉತ್ತರ ಕರ್ನಾಟಕದ ಹಳೆಯ ಪದ್ಧತಿ. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತದ್ದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಇಂಥ ಬೆಳೆಗಳ ಹೊಲಗಳಿಗೆ ತಲೆಮಾರುಗಳಿಂದ ಸಾವಯವ ಅಂಶವನ್ನು ತುಂಬಿದ್ದರಲ್ಲಿ ಮಂದೆಗಳ ಪಾಲೂ ಇದೆಯೆಂಬುದನ್ನು ಯಾರೂ ಹೇಳುವುದಿಲ್ಲ. ಮೆಕ್ಕೆಜೋಳ ಹಬ್ಬಿ, ಗೋಮಾಳ ಕುಗ್ಗಿ, ಗುಡ್ಡಕ್ಕೆ ಬೇಲಿ ಬಿದ್ದ ಮೇಲೆ ಕುರಿಗೆ ಮೇಯಲು ನೆಲವಿಲ್ಲ. ತೋಳಕ್ಕೆ ಕುರಿಯ ಹೊರತು ಬೇರೆ ಬೇಟೆಯಿಲ್ಲ. ಬಡತನಕ್ಕೆ ಬಿದ್ದ ಇಬ್ಬರನ್ನು ಒಂದೇ ಅಂಗಳದಲ್ಲಿ ಕೂಡಿಹಾಕಿ ಜಗಳ ನೋಡುವಂತಾಗಿದೆ.

ತೋಳ ಒಂದು ಮರಿಯನ್ನು ಹೊತ್ತೊಯ್ದರೆ ನಷ್ಟ ಯಾರಿಗೆ? ಪರಿಹಾರದ ಕಾಗದವು ಸತ್ತ ಪ್ರಾಣಿಯ ದೇಹವನ್ನು ಕೇಳುತ್ತದೆ, ಪಂಚನಾಮೆ ಕೇಳುತ್ತದೆ, ಛಾಯಾಚಿತ್ರ ಕೇಳುತ್ತದೆ. ತೋಳವು ಕುರಿಮರಿಯನ್ನು ಕೊಂದಲ್ಲೇ ಬಿಟ್ಟುಹೋಗುವುದಿಲ್ಲ. ಸಿಬ್ಬಂದಿ ಬರುವಷ್ಟರಲ್ಲಿ ಮಂದೆಯು ಮುಂದಿನ ಊರಿಗೆ, ಕೆಲವೊಮ್ಮೆ ಮುಂದಿನ ಜಿಲ್ಲೆಗೆ ಹೋಗಿರುತ್ತದೆ. ಹೀಗೆ ತೋಳವನ್ನು ಸಾಕುತ್ತಿರುವ ಖರ್ಚನ್ನು ಅತ್ಯಂತ ಬಡವರ ತಲೆಯ ಮೇಲೆ ಹೊರಿಸಿ, ತೋಳವನ್ನು ನೋಡುವ ಆನಂದವನ್ನು ಹಣವುಳ್ಳವರಿಗೆ ಮಾರುವುದಾದರೆ ಅದಕ್ಕೆ ಸಂರಕ್ಷಣೆಯೆಂಬ ಹೆಸರು ಸಲ್ಲದು.

ಹಣದ ವಾದ

ಪ್ರವಾಸದಿಂದ ಹಣ ಬರುತ್ತದೆ, ಹಣ ಬಂದರೆ ಹಳ್ಳಿಗರೇ ತೋಳವನ್ನು ಕಾಯುತ್ತಾರೆ ಎಂಬ ವಾದವಿದೆ. ಇದನ್ನು ತಳ್ಳಿಹಾಕುವಂತಿಲ್ಲ. ಯೆಲ್ಲೊಸ್ಟೋನಿನ ಸುತ್ತಲಿನ ಪ್ರದೇಶಕ್ಕೆ ತೋಳದಿಂದಾಗಿ ವರ್ಷಕ್ಕೆ 3.5 ಕೋಟಿ ಡಾಲರ್‌ನಷ್ಟು ಆದಾಯ ಸೇರುತ್ತದೆಂದು ಅಲ್ಲಿನ ಅಧ್ಯಯನವೊಂದು ಅಂದಾಜು ಮಾಡಿತ್ತು. ಪುಣೆಯ ಹುಲ್ಲುಗಾವಲುಗಳಲ್ಲಿಯೂ ಸ್ಥಳೀಯ ಯುವಕರೇ ಮಾರ್ಗದರ್ಶಕರಾಗಿದ್ದಾರೆ, ವಾಹನಗಳಿಗೆ ಗೊತ್ತಾದ ದಾರಿಗಳಿವೆ. ಕ್ಯಾಮೆರಾ ಹಿಡಿದವರು ಮನಬಂದಂತೆ ಹೊಲ ತುಳಿದು ಬಿಲ ಹುಡುಕುವುದಕ್ಕಿಂತ ಆ ವ್ಯವಸ್ಥೆ ಎಷ್ಟೋ ಮೇಲು.

ಆದರೆ ಅಳತೆಯನ್ನು ಮರೆಯಬಾರದು. ಯೆಲ್ಲೊಸ್ಟೋನ್ ಸುಮಾರು 9,000 ಚದರ ಕಿಲೋಮೀಟರ್. ರಾಣೇಬೆನ್ನೂರಿನದು 119, ಬಂಕಾಪುರದ್ದು ಸುಮಾರು 820 ಎಕರೆ, ಎಂದರೆ ಮೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ತೋಳಹಿಂಡಿನ ಸಂಚಾರಕ್ಷೇತ್ರವೇ ನೂರು ಚದರ ಕಿಲೋಮೀಟರನ್ನು ಸುಲಭವಾಗಿ ಮೀರುತ್ತದೆ. ಧಾಮದೊಳಗೆ ತೋಳ ಹುಟ್ಟಬಹುದು, ಬದುಕಬೇಕಾದದ್ದು ಧಾಮದ ಹೊರಗೆ – ಗೋಮಾಳದಲ್ಲಿ, ಪಾಳುಬಿದ್ದ ಹೊಲದಲ್ಲಿ, ಕೆರೆಯಂಗಳದಲ್ಲಿ. 1974ರಲ್ಲಿ ಮೇಲುಕೋಟೆಯ ಅಭಯಾರಣ್ಯವನ್ನು ಘೋಷಿಸಿದಾಗಲೂ ತೋಳವೇ ಮುಖ್ಯ ಕಾರಣವಾಗಿತ್ತು. ಅರ್ಧ ಶತಮಾನ ಕಳೆದರೂ ನಕಾಶೆಯ ಮೇಲೆ ಗೆರೆ ಎಳೆಯುವುದನ್ನೇ ಸಂರಕ್ಷಣೆಯೆಂದು ನಂಬುವ ಅಭ್ಯಾಸ ಹೋಗಿಲ್ಲ. ಗೆರೆಯ ಹೊರಗಿನ ನೆಲದ ಗತಿಯೇನೆಂದು ಕೇಳದ ಪ್ರವಾಸ ಯೋಜನೆಯು ಎಷ್ಟೇ ಹಣ ತಂದರೂ ತೋಳಕ್ಕೆ ಪ್ರಯೋಜನವಿಲ್ಲ.

ಹಣ ಹರಿದಲ್ಲಿ ಜನಸಂದಣಿಯೂ ಹರಿಯುತ್ತದೆ. ಇದನ್ನು ಮಲೆನಾಡಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಏರುದಾರಿಯಲ್ಲಿ ಸಾಲುಗಟ್ಟಿ ನಿಂತ ಚಾರಣಿಗರನ್ನು ಕಂಡು ಇಲಾಖೆಯು ಚಾರಣವನ್ನೇ ತಡೆದು ಮುಂಗಡ ನೋಂದಣಿಯ ನಿಯಮ ತರಬೇಕಾಯಿತು. 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳ ಅಂಚಿನ ಹಳ್ಳಿಗಳಲ್ಲಿ ಹುಲಿದಾಳಿಗೆ ಜನ ಬಲಿಯಾದಾಗ ಸರ್ಕಾರ ಮೊದಲು ನಿಲ್ಲಿಸಿದ್ದು ಸಫಾರಿಯನ್ನು. ಹುಲಿ ತೋರಿಸಲು ಸಿಬ್ಬಂದಿ ಇದ್ದಾರೆ, ಹಳ್ಳಿ ಕಾಯಲು ಇಲ್ಲ ಎಂಬ ಹಳ್ಳಿಗರ ಸಿಟ್ಟಿಗೆ ಕಾರಣವಿತ್ತು. ಹುಲಿಗಾದರೂ ಸುತ್ತ ಕಾಡಿದೆ, ಕಾವಲಿದೆ. ಹೊಲದ ಬದುವಿನ ತೋಳಕ್ಕೆ ಇವೆರಡೂ ಇಲ್ಲ.

ತೋಳ ಸಾಧುಪ್ರಾಣಿಯಲ್ಲ

ತೋಳದ ಪರವಾಗಿ ಮಾತಾಡುವವರು ಒಂದು ಸತ್ಯವನ್ನು ಮುಚ್ಚಿಡಬಾರದು. ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ 2024ರಲ್ಲಿ ತೋಳಗಳ ದಾಳಿಗೆ ಹಲವರು ಬಲಿಯಾದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ತಾಯಂದಿರ ಮುಂದೆ ನಿಂತು ತೋಳದ ಸೌಂದರ್ಯವನ್ನು ವರ್ಣಿಸುವ ಧೈರ್ಯ ಯಾರಿಗೂ ಇರಬಾರದು. ತೋಳವು ಮನುಷ್ಯನನ್ನು ಹೆದರಿ ದೂರವಿರುವುದೇ ತೋಳಕ್ಕೂ ಮನುಷ್ಯನಿಗೂ ಕ್ಷೇಮ. ಈ ಹೆದರಿಕೆಯನ್ನು ಕರಗಿಸುವ ಯಾವ ಕೆಲಸವೂ ಅಪಾಯವೇ. ಪ್ರತಿದಿನ ವಾಹನವನ್ನು ಕಂಡು, ಪ್ರತಿದಿನ ಮನುಷ್ಯರ ವಾಸನೆಗೆ ಒಗ್ಗಿ, ಚಿತ್ರಕ್ಕಾಗಿ ಎಸೆದ ಮಾಂಸದ ರುಚಿ ಕಂಡ ತೋಳವು ಊರಂಚಿನ ಅಂಗಳಕ್ಕೂ ಅಂಜದೆ ಬಂದೀತು. ಅಂದು ಪ್ರವಾಸಿಗನು ಊರಲ್ಲಿರುವುದಿಲ್ಲ, ಅಂಗಳದಲ್ಲಿ ಆಡುವ ಮಗುವಿರುತ್ತದೆ. ಮರುದಿನ ಕಲ್ಲು ಹಿಡಿಯುವ ಆಳುಗಳಿಗೆ ಆಗ ಯಾವ ಉಪದೇಶವೂ ತಟ್ಟದು.

ಬೆಟ್ಟದವರ ಪಾಲು

ಇದು ಬಯಲಿನವರ ವಿಷಯ, ಬೆಟ್ಟದವರಿಗೇನು ಎಂದು ಕೇಳಬಹುದು. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿದ ವರದೆಯು ಬನವಾಸಿಯನ್ನು ಬಳಸಿ, ಹಾನಗಲ್ ಸೀಮೆಯನ್ನು ಹಾದು, ಕರ್ಜಗಿಯ ದಂಡೆಯನ್ನು ಮುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಬೆಟ್ಟದ ಕಾನಿನ ನೀರೇ ಬಯಲಿನ ಹುಲ್ಲಿನ ಪಕ್ಕದಲ್ಲಿ ಹರಿಯುವುದು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಕರ್ಜಗಿಯು ಇಂದು ಸುತ್ತಲ ಸೀಮೆಗೆಲ್ಲ ಪ್ರಸಿದ್ಧವಾಗಿರುವುದು ಕಾರಹುಣ್ಣಿಮೆಯ ಎತ್ತಿನ ಹಬ್ಬಕ್ಕೆ. ಎತ್ತನ್ನು ಸಿಂಗರಿಸಿ ಓಡಿಸುವ ಊರಿಗೆ ಎತ್ತು ಮೇಯುವ ನೆಲವೂ ಬೇಕು. ಹಬ್ಬ ಉಳಿದು ಗೋಮಾಳ ಅಳಿದರೆ, ಮುಂದೊಂದು ದಿನ ಹಬ್ಬಕ್ಕೆ ಎತ್ತನ್ನು ಬಾಡಿಗೆಗೆ ತರಬೇಕಾದೀತು.

ಇನ್ನೊಂದು ಪಾಲು ಹೆಚ್ಚು ಕಹಿಯಾದದ್ದು. ಪರಿಸರವೆಂದರೆ ಮರ ಎಂದು ನಾಡಿಗೆ ಕಲಿಸಿದವರಲ್ಲಿ ಮಲೆನಾಡಿನ ಚಳವಳಿಗಳೂ ಸೇರಿವೆ. ಮಲೆನಾಡಿನಲ್ಲಿ ಅದು ಸಲ್ಲುವ ಮಾತು. ಆದರೆ ಅದೇ ಮಾತು ಬಯಲಿಗಿಳಿದಾಗ ವನಮಹೋತ್ಸವದ ಗುಂಡಿಯಾಗಿ ಹುಲ್ಲಿನ ಬೇರನ್ನು ಕೀಳುತ್ತದೆ. ಶಾಲೆಯ ಮಕ್ಕಳು ಉತ್ಸಾಹದಿಂದ ಗೋಮಾಳದಲ್ಲಿ ಸಸಿ ನೆಡುತ್ತಾರೆ. ತಾವು ಒಂದು ಕಾಡನ್ನು ಮುಚ್ಚಿ ಇನ್ನೊಂದನ್ನು ಹೇರುತ್ತಿದ್ದೇವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಬೆಟ್ಟದ ರೈತನಿಗೆ ಹುಲ್ಲಿನ ಬೆಲೆ ತಿಳಿಯದೇನಲ್ಲ. ಸೊಪ್ಪಿನಬೆಟ್ಟಕ್ಕೆ, ಕಾನಿಗೆ ಇದ್ದಂತೆಯೇ ಬೇಣಕ್ಕೂ ಮಲೆನಾಡಿನಲ್ಲಿ ಪ್ರತ್ಯೇಕ ಹೆಸರಿದೆ, ಪ್ರತ್ಯೇಕ ಬಳಕೆಯಿದೆ. ಬೇಣಗಳಲ್ಲಿ ಅಕೇಶಿಯಾ ಎದ್ದಾಗ ಆದ ನಷ್ಟವನ್ನು ಕಂಡವರು ರಾಣೇಬೆನ್ನೂರಿನ ನೀಲಗಿರಿಯ ನಷ್ಟವನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಾಗಿತ್ತು.

ಆಗಬೇಕಾದದ್ದು

ಕರ್ನಾಟಕ ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್‌ನಂತೆ ಗೋಮಾಳವನ್ನು ಕಾದಿರಿಸಬೇಕೆಂದು ಹೇಳುತ್ತವೆ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಲು ರಾಜ್ಯಗಳಿಗೆ ನಿರ್ದೇಶನ ನೀಡಿತು. ತೋಳವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿಯೇ. ಕಾನೂನಿಗೆ ಕೊರತೆಯಿಲ್ಲ. ಅದನ್ನು ಹುಲ್ಲಿನ ಪರವಾಗಿ ಕೇಳುವ ದನಿಗೆ ಕೊರತೆ. ಆದ್ದರಿಂದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ಈ ಐದು ಹಕ್ಕೊತ್ತಾಯಗಳು ಎದ್ದು ನಿಲ್ಲಬೇಕು.

1. ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ತೋಳದ ಬಿಲಗಳಿರುವ ಪ್ರದೇಶದಲ್ಲಿ ಪ್ರವಾಸ, ಛಾಯಾಗ್ರಹಣ ಎರಡೂ ನಿಲ್ಲಬೇಕು. ಬಿಲವಿರುವ ಜಾಗವನ್ನು ಯಾರೂ ಬಹಿರಂಗಪಡಿಸಬಾರದು.

2. ಪ್ರತಿ ಊರಿನ ಗೋಮಾಳವನ್ನು ಅಳೆದು ಗಡಿಕಲ್ಲು ಹಾಕಬೇಕು. ಅಲ್ಲಿ ಕಟ್ಟಡವನ್ನು ತಡೆದಷ್ಟೇ ಕಟ್ಟುನಿಟ್ಟಾಗಿ ನೆಡುತೋಪನ್ನೂ ತಡೆಯಬೇಕು.

3. ರಾಣೇಬೆನ್ನೂರು ಅಭಯಾರಣ್ಯದ ನೀಲಗಿರಿಯನ್ನು ಹಂತಹಂತವಾಗಿ ತೆಗೆದು, ಸ್ಥಳೀಯ ಹುಲ್ಲಿನ ಬೀಜವನ್ನು ಬಿತ್ತಿ, ಕೃಷ್ಣಮೃಗಕ್ಕೆ ಒಳಗೇ ಮೇವು ದೊರೆಯುವಂತೆ ಮಾಡಬೇಕು. ಹೊಲದ ನಷ್ಟ ತಗ್ಗುವುದಕ್ಕೂ ತೋಳಕ್ಕೆ ಕಾಡುಬೇಟೆ ಸಿಗುವುದಕ್ಕೂ ಇದೊಂದೇ ದಾರಿ.

4. ತೋಳ ಒಯ್ದ ಕುರಿಗೆ, ದೇಹ ಸಿಗದಿದ್ದರೂ, ಸ್ಥಳೀಯ ಪಂಚಾಯತಿಯ ದೃಢೀಕರಣದ ಮೇಲೆ ಪರಿಹಾರ ಸಿಗಬೇಕು. ಅಲೆಮಾರಿ ಕುರಿಗಾಹಿಯು ನಷ್ಟವಾದ ಊರಿನಲ್ಲಿಯೇ ಅರ್ಜಿ ಕೊಟ್ಟು, ತನ್ನ ಊರಿನಲ್ಲಿ ಹಣ ಪಡೆಯುವಂತಿರಬೇಕು. ಊರನಾಯಿಗಳಿಗೂ ಮಂದೆಯ ನಾಯಿಗಳಿಗೂ ಉಚಿತ ಲಸಿಕೆ ದೊರೆಯಬೇಕು.

5. ಇಷ್ಟೆಲ್ಲ ಆದ ಮೇಲೆ, ಮರಿಗಳ ಕಾಲ ಕಳೆದು ತೋಳ ತೋರಿಸುವ ಕೆಲಸವೊಂದು ಉಳಿದಿದ್ದರೆ, ಅದರ ಮೊದಲ ಮಾರ್ಗದರ್ಶಕ ಕುರಿಗಾಹಿಯಾಗಿರಬೇಕು. ದಿನಕ್ಕೆ ಎಷ್ಟು ಜನ, ಯಾವ ದಾರಿ, ಎಷ್ಟು ದೂರ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಬೇಕು. ಬೇಡವೆನ್ನುವ ಹಕ್ಕೂ ಅದಕ್ಕಿರಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಆ ದಾಖಲೆಯನ್ನು ಕೇಳಿ ತೆರೆಸಿರಿ. ಅದರಲ್ಲಿ ಮರಗಳ ಪಟ್ಟಿ ಇರುತ್ತದೆ, ಔಷಧಿ ಗಿಡಗಳ ಪಟ್ಟಿ ಇರುತ್ತದೆ. ಹುಲ್ಲಿನ ಪಟ್ಟಿ ಇದೆಯೇ ಎಂದು ನೋಡಿರಿ. ಇಲ್ಲದಿದ್ದರೆ ಊರಿನ ಹಿರಿಯ ಕುರಿಗಾಹಿಯನ್ನು ಕರೆದುಕೊಂಡು ಮಳೆಗಾಲದ ಕೊನೆಯಲ್ಲಿ, ಹುಲ್ಲು ತೆನೆಗಟ್ಟಿದ ಹೊತ್ತಿನಲ್ಲಿ ಗೋಮಾಳಕ್ಕೆ ಹೋಗಿರಿ. ಒಂದೊಂದು ಹುಲ್ಲಿನ ಹೆಸರನ್ನೂ, ಅದನ್ನು ಯಾವ ಪ್ರಾಣಿ ಯಾವ ತಿಂಗಳಲ್ಲಿ ಮೇಯುತ್ತದೆಂಬುದನ್ನೂ ಕೇಳಿ ಬರೆಯಿರಿ. ಪಂಚಾಯತಿಯ ಮುದ್ರೆ ಬಿದ್ದ ಆ ಹಾಳೆ ಕೈಯಲ್ಲಿದ್ದರೆ, ಅದೇ ನೆಲವನ್ನು ಬಂಜರೆಂದು ಬರೆಯಲು ಬರುವವರೊಡನೆ ವಾದಿಸಲು ಊರಿಗೊಂದು ಆಧಾರ ಸಿಕ್ಕಂತಾಗುತ್ತದೆ.